ಮುಂದಿನ ಎರಡು ಸ್ಪೀಕರಿಗೆ ಮಾತ್ರ ವಾಲ್ವ್

ಮೈಸೂರಿನ ಒಂದು ಮನೆ, ಹನ್ನೆರಡು ಅಡಿಗೆ ಹದಿನಾರು ಅಡಿಯ ಹಾಲ್. ಏಳು ಚಾನೆಲ್‌ನ ಹೋಮ್ ಥಿಯೇಟರ್ ರಿಸೀವರ್ (ಎಲ್ಲ ಸ್ಪೀಕರಿಗೂ ದನಿ ಹಂಚುವ ಪೆಟ್ಟಿಗೆ) ಆಗಲೇ ಇತ್ತು, ಜೊತೆಗೆ ನಾಲ್ಕು ಇಎಲ್34 ವಾಲ್ವ್‌ನ (ಗಾಜಿನ ನಿರ್ವಾತ ಕೊಳವೆ) ಸ್ಟೀರಿಯೋ ಆಂಪ್ ಹೊಸದಾಗಿ ಬಂದಿತ್ತು. “ಸಾರ್, ಸೆಂಟರಿಗೂ ಹಿಂದಿನವಕ್ಕೂ ವಾಲ್ವೇ ಹಾಕ್ಬಿಡೋಣ” ಅಂದರು ಮನೆಯವರು. ಬೇಡ ಎಂದೆವು. ಇಂಥ ಒಂದು ಆಂಪ್ ಸುಮ್ಮನೆ ಕೂತಾಗಲೇ ಸುಮಾರು 150 ವ್ಯಾಟ್ ಎಳೆಯುತ್ತದೆ, ಅಷ್ಟೂ ಶಾಖವಾಗಿ ಹಾಲ್‌ಗೇ ಬರುತ್ತದೆ. ಮುಂದಿನ ಎಡ-ಬಲಕ್ಕೆ ವಾಲ್ವ್, ಉಳಿದದ್ದೆಲ್ಲ ರಿಸೀವರ್‌ಗೆ: ಇದೇ ಸರಿಯಾದ ಹಂಚಿಕೆ. ಅದಕ್ಕೆ ರಿಸೀವರ್‌ನ ಬೆನ್ನಲ್ಲಿ ಫ್ರಂಟ್ ಪ್ರೀ-ಔಟ್ (ಮುಂದಿನ ಎರಡರ ಸಿಗ್ನಲನ್ನು ಬೇರೆ ಆಂಪಿಗೆ ಕೊಡುವ ಸಾಕೆಟ್) ಇರಬೇಕು. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಸಬ್‌ವೂಫರ್ ಔಟ್ ಮಾತ್ರ ಇರುತ್ತದೆ, ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಮೊದಲು ಮೀಟರ್ ಹಿಡಿದದ್ದು ಗೋಡೆಯ ಸಾಕೆಟ್ಟಿಗೆ. 244 ವೋಲ್ಟ್. ಆಂಪ್‌ನ ಹಿಂದೆ ಬರೆದದ್ದು 220. ಅಂದರೆ 6.3 ವೋಲ್ಟ್ ಸಿಗಬೇಕಾದ ವಾಲ್ವ್ ಒಳಗಿನ ಹೀಟರಿಗೆ ಹೆಚ್ಚುಕಡಿಮೆ 7 ಸಿಗುತ್ತದೆ, ವಾಲ್ವ್‌ಗಳ ಆಯಸ್ಸು ಅಲ್ಲೇ ಕರಗುತ್ತದೆ. ಅದೃಷ್ಟಕ್ಕೆ ಒಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ 240ರ ಟ್ಯಾಪ್ (ಆ ವೋಲ್ಟೇಜಿಗೆಂದೇ ಬಿಟ್ಟ ತುದಿ) ಖಾಲಿ ಇತ್ತು. ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳು ಖಾಲಿಯಾದದ್ದನ್ನು ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡ ಮೇಲೆಯೇ (ಅಲ್ಲಿ 430 ವೋಲ್ಟ್ ಕೂತಿರುತ್ತದೆ, ಹುಡುಗಾಟವಲ್ಲ) ತಂತಿಯನ್ನು ಅದಕ್ಕೆ ಬೆಸೆದೆವು. ಟ್ಯಾಪ್ ಇಲ್ಲದಿದ್ದರೆ 220ಕ್ಕೆ ಹೊಂದಿಸಿದ ಸರ್ವೋ ಸ್ಟೆಬಿಲೈಸರ್ ಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗಂತೂ ಕೊಡಲೇಬೇಡಿ.

ಆಮೇಲೆ ಬಯಾಸ್, ಅಂದರೆ ಹಾಡಿಲ್ಲದಾಗಲೂ ಪ್ರತಿ ವಾಲ್ವ್‌ನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ. ಸ್ಪೀಕರ್ ತಂತಿ ಬಿಗಿದ ಮೇಲೆಯೇ ಆನ್ ಮಾಡಬೇಕು, ಲೋಡ್ ಇಲ್ಲದೆ ಸಿಗ್ನಲ್ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅರ್ಧ ಗಂಟೆ ಕಾಯಿಸಿ, ಕ್ಯಾಥೋಡ್‌ನ 10 ಓಮ್ ರೆಸಿಸ್ಟರ್ ಮೇಲೆ 0.38 ವೋಲ್ಟ್ ಬರುವಂತೆ ಬಯಾಸ್ ಸ್ಕ್ರೂ ತಿರುಗಿಸಿದರೆ 38 ಮಿಲಿಆಂಪ್. 430ರಿಂದ ಗುಣಿಸಿದರೆ ಸುಮಾರು 16 ವ್ಯಾಟ್, ಇಎಲ್34ರ ಪ್ಲೇಟ್ (ಒಳಗಿನ ಲೋಹದ ತಗಡು) ತಡೆಯುವ 25 ವ್ಯಾಟ್‌ನ ಮೂರನೇ ಎರಡು ಭಾಗ. ಮೂರು ವಾಲ್ವ್ ಮಾತು ಕೇಳಿದವು. ನಾಲ್ಕನೆಯದು 0.46 ದಾಟಿ ಏರುತ್ತಲೇ ಇತ್ತು. ಆರಿಸಿ, ತಣ್ಣಗಾದ ಮೇಲೆ ಪಕ್ಕದ ವಾಲ್ವ್ ಜೊತೆ ಅದಲುಬದಲು ಮಾಡಿದಾಗ ಏರಿಕೆಯೂ ವಾಲ್ವ್ ಜೊತೆಗೇ ಹೋಯಿತು, ಅಂದರೆ ದೋಷ ವಾಲ್ವ್‌ನದ್ದೇ. ಏರಿಕೆ ಅದೇ ಸಾಕೆಟ್ಟಿನಲ್ಲಿ ಉಳಿದಿದ್ದರೆ ಹಿಂದಿನ ಹಂತದಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಎಂದು ಮೊದಲ ಅನುಮಾನ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೆ ಗಾಬರಿ ಬೇಡ. ಪ್ಲೇಟೇ ಕೆಂಪಾದರೆ ಮಾತ್ರ ಆ ಕ್ಷಣವೇ ಸ್ವಿಚ್ ಆಫ್.

ಪ್ರೀ-ಔಟ್ ಕೇಬಲ್ ಚುಚ್ಚಿದ ಕೂಡಲೇ ‘ಹೂಂ’ ಎಂಬ ಗುಂಯ್‌ಗುಡಿಕೆ. ಡಿಶ್ ಕೇಬಲ್ ಕಿತ್ತರೆ ನಿಶ್ಶಬ್ದ. ಛಾವಣಿಯ ಡಿಶ್ ಇನ್ನೊಂದು ದಾರಿಯಲ್ಲಿ ಅರ್ಥ್ ಆಗಿತ್ತು, ಎರಡು ಅರ್ಥ್ ನಡುವೆ ಕರೆಂಟ್ ಸುತ್ತುವ ಲೂಪ್ ಅಲ್ಲಿತ್ತು. ಆಂಪ್‌ನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಕುತ್ತು. ಪ್ರೀ-ಔಟ್‌ಗೂ ಆಂಪ್‌ಗೂ ನಡುವೆ ಒಂದು ಜೋಡಿ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮುಗಿಯಿತು.

ಮೈಕ್ ಇಟ್ಟು, ಸ್ಪೀಕರ್‌ಗಳ ದನಿ ಸರಿದೂಗಿಸುವ ರಿಸೀವರ್‌ನ ಸೆಟಪ್ ಓಡಿಸಿದಾಗ ಮುಂದಿನ ಎರಡಕ್ಕೂ -12 ಡಿಬಿ ಎಂದಿತು. ಅದು ರಿಸೀವರ್ ಇಳಿಸಬಹುದಾದ ಕಡೆಯ ಮಿತಿ, ಅಂದರೆ ಇನ್ನೂ ಇಳಿಸಬೇಕಿದ್ದರೂ ಅದಕ್ಕೆ ಜಾಗವಿಲ್ಲ. ಆಂಪ್‌ನ ವಾಲ್ಯೂಮ್ ಇಳಿಸಿ -3ರ ಆಸುಪಾಸಿಗೆ ತಂದು, ವಾಲ್ಯೂಮ್ ನಾಬ್‌ನ ಪಕ್ಕ ಬಣ್ಣದ ಟೇಪ್ ಅಂಟಿಸಿದೆವು. ಆ ನಾಬ್ ಅಲ್ಲಾಡಿದರೆ ಇಡೀ ಸೆಟಪ್ ಮತ್ತೆ ಓಡಿಸಬೇಕು. ಈ ಅಳತೆಯೂ ಆಂಪ್ ಕಾದ ಮೇಲೆಯೇ ಆಗಬೇಕು.

ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನು ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಅದರ ಕೆಳಗಿನ ದನಿ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಸ್‌ಗೆ ಇಟ್ಟೆವು, ಸ್ಪೀಕರ್ ಎಷ್ಟೇ ಎತ್ತರದ್ದಾಗಿರಲಿ. ಕೆಳದನಿಯಲ್ಲೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೋರ್ ತುಂಬಿ ದನಿ ಒಡೆಯುವುದು. ಆ ಭಾರ ಸಬ್‌ವೂಫರ್‌ಗೆ ಹೋದರೆ 35-40 ವ್ಯಾಟ್ ಈ ಹಾಲ್‌ಗೆ ಧಾರಾಳ, ಸ್ಪೀಕರ್ ಮಾತ್ರ 90 ಡಿಬಿಗಿಂತ ಕಡಿಮೆ ಸೂಕ್ಷ್ಮತೆಯದ್ದಾಗಬಾರದು (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ದನಿ). ಸಬ್ ಆಂಪ್‌ನ ಪಕ್ಕದಲ್ಲೇ ಇದ್ದರೆ ಚಿಕ್ಕ ಇಸಿಸಿ83 ವಾಲ್ವ್ ಅದುರಿ ‘ಟಿಂಗ್’ ಎನ್ನುತ್ತದೆ. ಪೆನ್ಸಿಲ್‌ನಿಂದ ತಟ್ಟಿದರೆ ಯಾವುದು ಎಂದು ಗೊತ್ತಾಗುತ್ತದೆ.

ಇದಕ್ಕಿಂತ ಚಿಕ್ಕ ಕೋಣೆಗಾದರೆ ಕಡಿಮೆ ಪವರಿನ ಇಎಲ್84 ವಾಲ್ವ್‌ನ ಆಂಪ್ ಸಾಕು. 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುಮಾಡಿದ ನಮ್ಮ ಜಾಲಹಳ್ಳಿಯ ಬಿಇಎಲ್‌ನ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್‌ಗಳೇ ಹಳೆ ಸ್ಟಾಕ್‌ನಲ್ಲಿ ಸಿಕ್ಕಿದರೆ ಬಿಡಬೇಡಿ.

ಸುದ್ದಿ, ಧಾರಾವಾಹಿಗೆ ಟಿವಿಯ ಸ್ಪೀಕರೇ ಸಾಕು. ಪವರ್ ವಾಲ್ವ್ ಸುಮಾರು 2000 ಗಂಟೆ ಬಾಳುತ್ತದೆ, ದಿನಕ್ಕೆ ಮೂರು ಗಂಟೆ ಉರಿಸಿದರೆ ಎರಡು ವರ್ಷಕ್ಕೆ ಹೊಸ ಸೆಟ್ ತರಬೇಕಾಗುತ್ತದೆ.