ಮೇಲ್ಸೇತುವೆಯ ಏರು, ದೊಡ್ಡ ಟೈರು

ಇಂದು ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ಹೊರೆ ತುಂಬಿದ್ದ ನನ್ನ ಡೀಸೆಲ್ ಪಿಕಪ್ ಎರಡನೇ ಗೇರಿನಲ್ಲಿಯೂ ಏದುಸಿರು ಬಿಟ್ಟಾಗ, ಎಂಜಿನ್ನಿನ ವೇಗ ನಿಮಿಷಕ್ಕೆ 1,500 ಸುತ್ತುಗಳಿಗಿಂತ ಕೆಳಗಿಳಿದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊವನ್ನು ತಿರುಗಿಸಲು ಸಾಕಾಗುವಷ್ಟು ಹೊಗೆಯ ಒತ್ತಡವೇ ಇರುವುದಿಲ್ಲವೆಂಬುದು ಮತ್ತೊಮ್ಮೆ ಅನುಭವಕ್ಕೆ ಬಂತು. ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಇಸಿಯು ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ ಹೆಚ್ಚು ಡೀಸೆಲ್ ಹರಿಯುವಂತೆ ಮಾಡಿಸಿ, ಎನ್ನುತ್ತಾರೆ. ಆದರೆ ಗಾಳಿ ಸಾಲದಿರುವಾಗ ಡೀಸೆಲ್ಲನ್ನಷ್ಟೇ ಹೆಚ್ಚಿಸಿದರೆ ಸಿಗುವುದು ಕಪ್ಪು ಹೊಗೆ. ನಿಜವಾದ ತಪ್ಪು, ಕಳೆದ ವರ್ಷ ಅಂದಕ್ಕೆಂದು ನಾನೇ ಹಾಕಿಸಿದ ದೊಡ್ಡ ಟೈರುಗಳದ್ದು: ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ಚಕ್ರದ ಎಳೆಯುವ ಬಲ ಸುಮಾರು ಶೇಕಡಾ 9ರಷ್ಟು ಇಳಿಯುತ್ತದೆ. ಆದ್ದರಿಂದ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು ಸೋರುತ್ತಿದೆಯೇ ಎಂದು ನೋಡಿಸಿ, ಹಳೆಯ ಅಳತೆಯ ಟೈರುಗಳಿಗೇ ಮರಳಲು ನಿರ್ಧರಿಸಿದ್ದೇನೆ. ರೀಮ್ಯಾಪಿನ ಮಾತು ಆಮೇಲೆ.