ಗೀಚಿದ ಗೆರೆಯ ಪಕ್ಕದಲ್ಲಿ

'ಅಂಚಿನಲ್ಲಿ ಫಿಲ್ಮ್ ತೆಳು.' ಎರಡು ವಾರದಿಂದ ನನ್ನ ನೋಟ್‌ಬುಕ್ಕಿನಲ್ಲಿ ಈ ಸಾಲು ಕೂತಿತ್ತು. ಅದನ್ನೇ ನಂಬಿ ಸ್ಪ್ರೇ ನಾಜಲ್‌ನ ಎತ್ತರ ಬದಲಿಸಿದ್ದೆ, ಗಾಳಿಯ ಒತ್ತಡ ಬದಲಿಸಿದ್ದೆ, ಹೀಟರ್ ಮೇಲೆ ಗಾಜು ಇಡುವ ಜಾಗವನ್ನೂ ಬದಲಿಸಿದ್ದೆ. ಗೈಡ್ ಎದುರು ಗಟ್ಟಿಯಾಗಿ ಹೇಳಿಯೂ ಆಗಿತ್ತು.

ನಾನು ಮಾಡುತ್ತಿದ್ದುದು ಫ್ಲೋರಿನ್ ಬೆರೆತ ಟಿನ್ ಆಕ್ಸೈಡ್ ಫಿಲ್ಮ್, ಅಂದರೆ ಗಾಜಿನ ಮೇಲಿನ ತೆಳು ಪದರ. 450 ಡಿಗ್ರಿಗೆ ಕಾದ ಗಾಜಿನ ಮೇಲೆ ದ್ರಾವಣವನ್ನು ಮಂಜಿನಂತೆ ಸಿಂಪಡಿಸಿದರೆ, ಆಚೆಯದೆಲ್ಲ ಕಾಣುವಷ್ಟು ತಿಳಿಯಾದ, ಆದರೂ ಕರೆಂಟ್ ಹರಿಯುವ ಪದರ ಕೂರುತ್ತದೆ. ನನ್ನದರ ದಪ್ಪ ಸುಮಾರು 400 ನ್ಯಾನೋಮೀಟರ್. ಇಂಥ ಪದರಕ್ಕೆ ಮಲ್ಟಿಮೀಟರ್ ಮುಟ್ಟಿಸಿ ಪ್ರಯೋಜನವಿಲ್ಲ. ಮೊದಲ ದಿನ ಮುಟ್ಟಿಸಿದಾಗ 60 ಓಮ್ ಬಂತು, ಸ್ವಲ್ಪ ಒತ್ತಿದರೆ 45. ಮೀಟರ್ ಅಳೆಯುತ್ತಿದ್ದುದು ಪದರದ ಜೊತೆಗೆ ಮೊನೆಗೂ ಪದರಕ್ಕೂ ನಡುವಿನ ಅಡ್ಡಿಯನ್ನೂ.

ಅದಕ್ಕೇ ಫೋರ್ ಪ್ರೋಬ್. ಒಂದೇ ಸಾಲಿನಲ್ಲಿ ನಾಲ್ಕು ಸೂಜಿಮೊನೆಗಳು, ನಮ್ಮದರಲ್ಲಿ ಒಂದಕ್ಕೊಂದು 2 ಮಿಲಿಮೀಟರ್ ದೂರ. ಹೊರಗಿನ ಎರಡರಿಂದ ಕರೆಂಟ್ ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುತ್ತೇವೆ. ವೋಲ್ಟ್‌ಮೀಟರ್ ತಾನು ಕರೆಂಟ್ ಎಳೆದುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಳಗಿನ ಮೊನೆಗಳಿಗೂ ಪದರಕ್ಕೂ ನಡುವಿನ ಅಡ್ಡಿ ಲೆಕ್ಕಕ್ಕೆ ಬರುವುದಿಲ್ಲ. ಕರೆಂಟ್‌ನ ದಿಕ್ಕು ತಿರುಗಿಸಿ ಇನ್ನೊಮ್ಮೆ ಓದಿ ಸರಾಸರಿ ತೆಗೆದರೆ, ಬಿಸಿ ವ್ಯತ್ಯಾಸದಿಂದ ಹುಟ್ಟುವ ಪುಟ್ಟ ವೋಲ್ಟೇಜೂ ಕಳೆದುಹೋಗುತ್ತದೆ. ನನಗೆ ಈ ಉಪಾಯ ಇವತ್ತಿಗೂ ಬಹಳ ಇಷ್ಟ.

10 ಸೆಂಟಿಮೀಟರ್ ಚೌಕದ ಗಾಜಿನ ನಡುವೆ 1 ಮಿಲಿಆಂಪ್ ಹಾಯಿಸಿದಾಗ 3.8 ಮಿಲಿವೋಲ್ಟ್ ಬಂದಿತ್ತು. ಅಂದರೆ 3.8 ಓಮ್; ಸಮದೂರದ ನಾಲ್ಕು ಮೊನೆಗಳಿಗೆ ಹಾಕುವ ಗುಣಕ 4.532ರಿಂದ ಗುಣಿಸಿದರೆ ಚೌಕಕ್ಕೆ ಸುಮಾರು 17 ಓಮ್. ಉಗುರಿನಷ್ಟು ಚೌಕ ಕತ್ತರಿಸಿ ಎದುರುಬದುರು ಅಂಚುಗಳ ನಡುವೆ ಅಳೆದರೂ ಅಷ್ಟೇ, ಅಂಗೈಯಗಲದ ಚೌಕಕ್ಕೂ ಅಷ್ಟೇ. ಅದಕ್ಕೇ 'ಚೌಕಕ್ಕೆ' ಎನ್ನುವುದು. ಆದರೆ ಅಂಚಿಗೆ ಸಮಾನಾಂತರವಾಗಿ, 2 ಮಿಲಿಮೀಟರ್ ಒಳಗೆ ಇಟ್ಟರೆ 5.1 ಬರುತ್ತಿತ್ತು. ನಾಲ್ಕೂ ಅಂಚಿನಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಪದರ ತೆಳುವಾದಷ್ಟೂ ಅಡ್ಡಿ ಹೆಚ್ಚು; 'ಅಂಚಿನಲ್ಲಿ ಫಿಲ್ಮ್ ತೆಳು' ಎಂದು ಬರೆದದ್ದು ಇದನ್ನು ನೋಡಿಯೇ.

ಲ್ಯಾಬಿನ ಸೀನಿಯರ್ ಅಕ್ಕ ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿ ಕೇಳಿದರು: "ಅಂಚಿನ ಹತ್ರಾನೂ 4.532 ಹಾಕಿದೀಯಾ? ಅದು ಕೊನೆಯೇ ಇಲ್ಲದ ಹಾಳೆಗೆ ಕಣೇ."

ಹಾಳೆ ಚಿಕ್ಕದಾದರೆ 4.532ರ ಬದಲು ಏನು ಹಾಕಬೇಕೆಂದು ಹೇಳುವ, 1958ರಲ್ಲಿ ಸ್ಮಿಟ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ ತಿದ್ದುಪಡಿ ಅಂಶಗಳ ಕೋಷ್ಟಕ ನಾನು ಓದಿದ್ದೆ. ಗಾಜಿನ ಅಳತೆ ದೊಡ್ಡದಿದೆ, ಸಾಕು ಅಂದುಕೊಂಡಿದ್ದೆ. ಮೊನೆಗಳು ಎಲ್ಲಿ ಕೂತಿವೆ ಎಂದು ಯೋಚಿಸಿರಲಿಲ್ಲ. ಅಂಚಿನಾಚೆ ಕರೆಂಟಿಗೆ ಹರಡಲು ಜಾಗವಿಲ್ಲ. ಒಳಗಡೆಯೇ ಒತ್ತಿಕೊಂಡು ಹೋಗುತ್ತದೆ, ವೋಲ್ಟೇಜ್ ಏರುತ್ತದೆ. ಅಂಚಿನ ಮೇಲೆಯೇ ಇಟ್ಟರೆ ಸರಿಯಾಗಿ ಎರಡು ಪಟ್ಟು.

ಅಕ್ಕನ ಮಾತನ್ನು ಒಪ್ಪಿಕೊಂಡರೂ ನನಗೆ ಕಣ್ಣಾರೆ ನೋಡಬೇಕಿತ್ತು. ಗಾಜಿನ ನಟ್ಟನಡುವೆ, ಆ 3.8 ಬಂದ ಜಾಗದಿಂದ 2 ಮಿಲಿಮೀಟರ್ ಪಕ್ಕಕ್ಕೆ, ಸ್ಕೇಲ್ ಹಿಡಿದು ವಜ್ರದ ಪೆನ್ಸಿಲಿನಿಂದ ಈ ತುದಿಯಿಂದ ಆ ತುದಿಯವರೆಗೆ ಗೀಚಿದೆ. ಗೆರೆಯ ಆಚೆ ಈಚೆ ಮಲ್ಟಿಮೀಟರ್ ಇಟ್ಟು, ಪದರ ಪೂರ್ತಿ ತುಂಡಾಗಿದೆ ಎಂದು ಖಾತ್ರಿ ಮಾಡಿಕೊಂಡೆ. ಅದಕ್ಕಾದರೂ ಆ ಮೀಟರ್ ಉಪಯೋಗಕ್ಕೆ ಬಂತು. ಮತ್ತೆ ಅದೇ ಗುರುತಿನ ಮೇಲೆ ಮೊನೆಗಳನ್ನು ಇಳಿಸಿದೆ.

5.1.

ಅದೇ ಫಿಲ್ಮ್, ಅದೇ ಜಾಗ, ಅದೇ ದಪ್ಪ. ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಎರಡು ವಾರ ವ್ಯರ್ಥವಾಯಿತೆಂಬ ಸಂಕಟಕ್ಕಿಂತ, ಗೀರು ಎಳೆದಷ್ಟಕ್ಕೇ ಕರೆಂಟ್ ದಾರಿ ಬದಲಿಸಿದ್ದನ್ನು ಕಂಡ ಬೆರಗೇ ದೊಡ್ಡದಾಗಿತ್ತು.

ಆಗ ನೆನಪಾದದ್ದು ಚಿಂತಾಮಣಿ ಕಡೆಯ ನಮ್ಮ ಹೊಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೋರ್‌ವೆಲ್ ಪಾಯಿಂಟ್ ನೋಡಲು ಬಂದವರೊಬ್ಬರು ನೆಲಕ್ಕೆ ನಾಲ್ಕು ಕಬ್ಬಿಣದ ಸಲಾಕೆ ಹೊಡೆದು, ವೈರ್ ಎಳೆದು, ಪೆಟ್ಟಿಗೆಯಲ್ಲಿ ಓದುತ್ತಿದ್ದರು. ಅಪ್ಪ ಹಳೇ ಕಲ್ಲು ಕ್ವಾರಿಯ ಪಕ್ಕದ ಜಾಗ ತೋರಿಸಿದಾಗ, "ಗುಂಡಿ ಪಕ್ಕ ಬೇಡ ಯಜಮಾನ್ರೇ, ರೀಡಿಂಗ್ ತಪ್ಪಾಗುತ್ತೆ" ಅಂದು ಸಲಾಕೆಗಳನ್ನೆಲ್ಲ ಕಿತ್ತು ದೂರ ಒಯ್ದರು. ಅಮೆರಿಕದ ಭೌತವಿಜ್ಞಾನಿ ಫ್ರಾಂಕ್ ವೆನ್ನರ್ 1915ರಲ್ಲಿ ಈ ನಾಲ್ಕು ಮೊನೆಯ ಕ್ರಮವನ್ನು ಬರೆದದ್ದೂ ನೆಲದ ರೋಧಶೀಲತೆ, ಅಂದರೆ ಮಣ್ಣು ಕರೆಂಟಿಗೆ ಎಷ್ಟು ಅಡ್ಡಿ ಒಡ್ಡುತ್ತದೆ ಎಂಬುದನ್ನು, ಅಳೆಯಲೆಂದೇ. ಕ್ವಾರಿಯ ಬಾಯಿಯಲ್ಲಿದ್ದ ಗಾಳಿಗೂ ನನ್ನ ಗೀರಿಗೂ ಕರೆಂಟಿನ ಪಾಲಿಗೆ ಏನೂ ವ್ಯತ್ಯಾಸವಿಲ್ಲ. ಆ ಮಧ್ಯಾಹ್ನ ವೈರ್‌ನ ರೀಲ್ ಹಿಡಿದು ಅವರ ಹಿಂದೆ ಓಡಾಡಿದವಳು ನಾನೇ.

ಸಂಜೆ ಗೈಡ್ ರೂಮಿಗೆ ಹೋಗಿ, "ಸರ್, ಅಂಚಿನ ಬಗ್ಗೆ ನಾನು ಹೇಳಿದ್ದು ತಪ್ಪು" ಅಂದೆ. ಗೀರಿನ ರೀಡಿಂಗ್ ನೋಡಿ ಅವರು, ಎಲ್ಲ ಜಾಗಗಳಿಗೂ ತಿದ್ದುಪಡಿ ಹಾಕಿ ಪಟ್ಟಿ ಮತ್ತೆ ಮಾಡಲು ಹೇಳಿದರು. 'ಅಂಚಿನಿಂದ ದೂರ' ಎಂಬ ಹೊಸ ಕಾಲಂ ಎಳೆದು ರಾತ್ರಿ ಒಂಬತ್ತರವರೆಗೆ ಲೆಕ್ಕ ಹಾಕಿದೆ. ಮೂರು ಅಂಚುಗಳು ನಡುವಿನ 17ಕ್ಕೇ ಬಂದು ನಿಂತವು. ಎಡಗಡೆಯದು ಮಾತ್ರ 19ರ ಹತ್ತಿರ ಉಳಿಯಿತು. ಮೂರು ಸಲ ಅಳೆದೆ, ಬದಲಾಗಲಿಲ್ಲ. ಹೀಟರ್‌ನ ಆ ಬದಿ ಕಿಟಕಿಗೆ ಮುಖ ಮಾಡಿತ್ತು; ನಾಳೆ ಕಿಟಕಿ ಮುಚ್ಚಿ ಇನ್ನೊಂದು ಗಾಜು ಸ್ಪ್ರೇ ಮಾಡಬೇಕು ಎಂದು ಬರೆದಿಟ್ಟು ದೀಪ ಆರಿಸಿದೆ.