ಮೂರನೆಯ ಹುಡುಗನ ನಂತರ ಮೌನ

ಶಿರಸಿ, 23 ಜುಲೈ 2023, ಭಾನುವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಅಡಿಕೆ ತೋಟಕ್ಕೆ ಎರಡನೆಯ ಸಲದ ಮದ್ದು ಹೊಡೆಯಲು ಬರಬೇಕಿದ್ದ, ಮರ ಹತ್ತುವ ಕೊನೆಗೌಡ ಫೋನ್ ಮಾಡಿ, "ಮಳೆ ಹೊಳವಾಗಲಿ ಹೆಗಡೆಯವರೇ, ಬರುತ್ತೇನೆ" ಎಂದ. ತೆಳ್ಳೇವು ತಿಂದು ಲ್ಯಾಪ್‌ಟಾಪ್ ಮುಂದೆ ಕುಳಿತೆ.

ಶನಿವಾರದ ಪೈಥಾನ್ ಪ್ರೋಗ್ರಾಮಿಂಗ್ ಪಾಠಕ್ಕೆ ಬರುವ 17 ಮಕ್ಕಳ ಉತ್ತರ ತಿದ್ದುವುದು ಬಾಕಿ ಇತ್ತು. ಪ್ರಶ್ನೆ ಸುಲಭದ್ದೇ: ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ತೋಟಕ್ಕೆ ಹೊಡೆಯುವ ಮದ್ದು ಇದೇ) 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು, 200 ಲೀಟರಿನ ಬ್ಯಾರಲ್ಲಿಗೆ ಮೈಲುತುತ್ತು ಎಷ್ಟು? ಒಂದೊಂದೇ ಕಡತ ತೆರೆದು ಓಡಿಸುವ ತಾಳ್ಮೆ ನನಗಿಲ್ಲ. ಎಲ್ಲವನ್ನೂ ನನ್ನದೊಂದು ಪ್ರೋಗ್ರಾಮಿನಿಂದ ಓದಿ, ಪಠ್ಯವಾಗಿರುವ ಕೋಡನ್ನು ಓಡಿಸುವ ಪೈಥಾನಿನ ಎಕ್ಸೆಕ್‌ಗೆ ಕೊಟ್ಟರಾಯಿತು ಎಂದುಕೊಂಡೆ.

ಉತ್ತರವೇನೋ ಪರದೆಯ ಮೇಲೆ ಬಂತು, ಆದರೆ ಹೋಲಿಸಿ ಅಂಕ ಕೊಡಲು ನನ್ನ ಪ್ರೋಗ್ರಾಮಿನ ಕೈಗೆ ಸಿಗಲಿಲ್ಲ. ಎಕ್ಸೆಕ್ ಏನನ್ನು ಓಡಿಸಿದರೂ ಹಿಂದಿರುಗಿಸುವುದು 'ನನ್', ಅಂದರೆ ಏನೂ ಇಲ್ಲ. ಅದರ ಜೊತೆಗಾರ ಇವ್ಯಾಲ್ ಬೆಲೆಯನ್ನು ಕೊಡುತ್ತದೆ, ಆದರೆ ಅದು 1 + 1ರಂಥ ಒಂದೇ ಒಂದು ಅಭಿವ್ಯಕ್ತಿಗಷ್ಟೇ ಒಗ್ಗುತ್ತದೆ. ಉತ್ತರ ತೋರಿಸುವ ಪ್ರಿಂಟ್ ಬರೆಯುವುದು ಆ ಕ್ಷಣಕ್ಕೆ ಸಿಸ್.ಎಸ್‌ಟಿಡಿಔಟ್ ಎಂಬ ಹೆಸರು ಯಾವ ವಸ್ತುವನ್ನು ತೋರಿಸುತ್ತಿದೆಯೋ ಅದಕ್ಕೆ. ಸಾಮಾನ್ಯವಾಗಿ ಅದು ಪರದೆ. ಹಾಗಾಗಿ ಆ ಹೆಸರಿಗೆ ಪಠ್ಯವನ್ನು ನೆನಪಿನಲ್ಲೇ ಹಿಡಿದಿಡುವ ಒಂದು ಸ್ಟ್ರಿಂಗ್‌ಐಓ ಕಟ್ಟಿ, ಎಕ್ಸೆಕ್ ಮುಗಿದ ಮೇಲೆ ಹಳೆಯದನ್ನು ಮರಳಿಸಿ, ಹಿಡಿದದ್ದನ್ನು ಗೆಟ್‌ವ್ಯಾಲ್ಯೂ ಮಾಡಿ ಓದಿದೆ. ಸೂರಿನ ಕೆಳಗೆ ಹಂಡೆ ಇಟ್ಟ ಹಾಗೆ.

ಮೊದಲ ಇಬ್ಬರ ಅಂಕ ಬಂತು. ಆಮೇಲೆ ಏನೂ ಇಲ್ಲ. ದೋಷದ ಸಂದೇಶವೂ ಇಲ್ಲ, ಪರದೆ ತಣ್ಣಗೆ ಕುಳಿತಿತ್ತು. ಮತ್ತೆ ಓಡಿಸಿದೆ, ಮತ್ತೆ ಅದೇ. ಕಷಾಯ ತಂದ ಆಯಿ ನನ್ನ ಮುಖ ನೋಡಿ, "ಅದಕ್ಕೂ ಗಂಟಲು ಕಟ್ಟಿತೇ ತಮಾ?" ಎಂದು ಕೇಳಿದಳು.

ಕಟ್ಟಿದ್ದು ನಾನೇ. ಮೂರನೆಯ ಹುಡುಗ ಒಂದು ಹೆಸರನ್ನು ತಪ್ಪಾಗಿ ಬರೆದಿದ್ದ. ದೋಷ ಎದ್ದ ಕೂಡಲೇ ನಿಯಂತ್ರಣ ನೇರವಾಗಿ ದೋಷ ನೋಡಿಕೊಳ್ಳುವ ನನ್ನ ಎಕ್ಸೆಪ್ಟ್ ಭಾಗಕ್ಕೆ ಹಾರಿತು. ಹಳೆಯ ಎಸ್‌ಟಿಡಿಔಟ್ ಮರಳಿಸುವ ಸಾಲು ಓಡಲೇ ಇಲ್ಲ. ಅಲ್ಲಿಂದ ಮುಂದೆ "ಮೂರನೆಯವನದು ತಪ್ಪು" ಎಂಬ ನನ್ನ ಮಾತೂ ಹಂಡೆಗೇ ಬಿತ್ತು. ನಾಲ್ಕನೆಯವನ ಸರದಿಯಲ್ಲಿ 'ಹಳೆಯದು' ಎಂದು ಜೋಪಾನ ಮಾಡಿದ್ದೂ ಅದೇ ಹಂಡೆಯನ್ನು! ದೋಷ ಬಂದರೂ ಬಾರದಿದ್ದರೂ ಓಡುವ ಫೈನಲಿ ಭಾಗ ಬರೆಯದ ಸೋಮಾರಿತನಕ್ಕೆ ಎರಡು ಗಂಟೆ ತೆತ್ತೆ. ಪೈಥಾನ್ ಜೊತೆಗೇ ಬರುವ ಕಾಂಟೆಕ್ಸ್ಟ್‌ಲಿಬ್‌ನಲ್ಲಿ ಇದೇ ಕೆಲಸದ ರಿಡೈರೆಕ್ಟ್_ಎಸ್‌ಟಿಡಿಔಟ್ ಎಂಬುದು 2014ರ ಪೈಥಾನ್ 3.4ರಿಂದಲೇ ಇದೆ. ಅದನ್ನು ವಿತ್ ಎಂಬ ಪದದ ಜೊತೆ ಬಳಸಿದರೆ ಒಳಗೆ ಏನೇ ಮುರಿದು ಬಿದ್ದರೂ ಹೊರಬರುವಾಗ ಹಳೆಯದು ತಾನಾಗಿ ಮರಳುತ್ತದೆ.

ಮೌನ ಮುರಿದ ಮೇಲೆ ಇನ್ನೊಂದು ಗುಟ್ಟು ಬಯಲಾಯಿತು. ಐದನೆಯ ಹುಡುಗಿ ಲೀಟರ್ ಎಂಬ ಚರಕ್ಕೆ ಬೆಲೆಯನ್ನೇ ಕೊಟ್ಟಿರಲಿಲ್ಲ, ಆದರೂ ಉತ್ತರ ಸರಿಯಾಗಿತ್ತು. ಹಿಂದಿನವನ ಲೀಟರ್ ಅವಳಿಗೆ ಸಿಕ್ಕಿತ್ತು. ಎಲ್ಲರೂ ಒಂದೇ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಪ್ರತಿ ಸಲ ಎಕ್ಸೆಕ್‌ಗೆ ಚರಗಳನ್ನು ಇಟ್ಟುಕೊಳ್ಳಲು ಹೊಸ ಖಾಲಿ ಡಿಕ್ಷನರಿ ಕೊಟ್ಟೆ. ಪಾಪ, ಅವಳ ಅಂಕ ಹೋಯಿತು. ಸರಿಯಾಗಿ ಬರೆದ ನಾಲ್ವರಿಗೆ ಸೊನ್ನೆ ಬಂದಿತ್ತು. ಭಾಗಿಸಿದ್ದರಿಂದ ಅವರ ಉತ್ತರ 2.0 ಎಂದು ಬಂದಿತ್ತು. ನಾನು ಹೋಲಿಸಿದ್ದು ಬರಿಯ '2' ಜೊತೆ. ಸಂಖ್ಯೆಗೆ ತಿರುಗಿಸಿ ಹೋಲಿಸಿದ ಮೇಲೆ ನ್ಯಾಯ ಸಿಕ್ಕಿತು.

ಹನ್ನೊಂದನೆಯವನದು ಮತ್ತೆ ಮತ್ತೆ ಸುತ್ತುತ್ತಲೇ ಇರುವ, ಮುಗಿಯದ ವೈಲ್ ಲೂಪ್. ಹೊರಹರಿವನ್ನು ಎಷ್ಟು ಚೆನ್ನಾಗಿ ಹಿಡಿದರೇನು, ಎಕ್ಸೆಕ್ ನನ್ನ ಪ್ರೋಗ್ರಾಮಿನ ಒಳಗೇ ಓಡುತ್ತದೆ. ಅದು ನಿಂತರೆ ತಾನೆ ನನ್ನ ಸರದಿ! ಕೀಟಲೆಗೆ ಯಾರಾದರೂ ಕಡತ ಅಳಿಸುವ ಸಾಲು ಬರೆದಿದ್ದರೆ ಅದೂ ಓಡುತ್ತಿತ್ತು. ಪರರ ಕೋಡನ್ನು ಬೇರೆ ಪ್ರಕ್ರಿಯೆಯಲ್ಲಿ, ಅಂದರೆ ನನ್ನದರಿಂದ ಹೊರಗೆ ಪ್ರತ್ಯೇಕ ಪ್ರೋಗ್ರಾಮಾಗಿ ಓಡಿಸುವುದೇ ವಾಸಿ. ಅದಕ್ಕಿರುವ ಸಬ್‌ಪ್ರೊಸೆಸ್‌ನ ರನ್‌ಗೆ, ಹೊರಹರಿವು ಹಿಡಿಯಲು ಕ್ಯಾಪ್ಚರ್_ಔಟ್‌ಪುಟ್ ಮತ್ತು ಮುಗಿಯದಿದ್ದರೆ ನಿಲ್ಲಿಸಲು 5 ಸೆಕೆಂಡಿನ ಟೈಮ್‌ಔಟ್ ಕೊಟ್ಟೆ. ಅಳಿಸುವ ಕೀಟಲೆಗೆ ಇದೂ ಮದ್ದಲ್ಲ. ಅದಕ್ಕೆ ಬೇರೆಯದೇ ಬೇಲಿ ಕಟ್ಟಬೇಕು. ಇಷ್ಟಾಗುವಾಗ ಕರೆಂಟು ಎರಡು ಸಲ ಹೋಗಿ ಬಂದಿತ್ತು.

ಸಂಜೆ ಕೊನೆಗೌಡನ ಫೋನ್. ಪಶ್ಚಿಮದಲ್ಲಿ ಸ್ವಲ್ಪ ಬೆಳಕು ಕಾಣುತ್ತಿದೆಯಂತೆ, ಬೆಳಿಗ್ಗೆ ಏಳಕ್ಕೇ ಬರುತ್ತಾನಂತೆ. "ಸುಣ್ಣ ತಂದಿಟ್ಟಿದ್ದೀರಲ್ಲ?"

ಮೈಲುತುತ್ತಿನ ಲೆಕ್ಕವನ್ನು 17 ಸಲ ನೋಡಿದವನು ಕೊಡೆ ಹುಡುಕಿಕೊಂಡು ಪೇಟೆಗೆ ಹೊರಟೆ.